ಅಣ್ಣನ ಗಿಟಾರ್ ಬಾಕ್ಸಿಗೆ ಹೊಸ ರೆಕ್ಸಿನ್

ಆಯುಧಪೂಜೆಯ ಬೆಳಿಗ್ಗೆ ನಮ್ಮ ಮನೆಯಲ್ಲಿ ನೀರು ಕಾಣದ ವಸ್ತು ಒಂದೇ ಇತ್ತು, ಅಣ್ಣನ ಗಿಟಾರ್ ಬಾಕ್ಸು. ಉಳಿದದ್ದೆಲ್ಲ ಅಂಗಳಕ್ಕೆ ಬರುತ್ತಿತ್ತು. ಸ್ಕೂಟರು, ನನ್ನ ಕಾರು, ಅತ್ತಿಗೆಯ ಹೊಲಿಗೆ ಯಂತ್ರದ ಕಬ್ಬಿಣದ ಕಾಲು, ಈಳಿಗೆಮಣೆ, ಸುತ್ತಿಗೆ, ಸ್ಪ್ಯಾನರು, ಎಲ್ಲಕ್ಕೂ ಪೈಪು ಹಿಡಿದು ತೊಳೆದು, ಬಿಸಿಲಿಗಿಟ್ಟು, ಅರಿಸಿನ ಕುಂಕುಮ ಹಚ್ಚುವುದು ಪದ್ಧತಿ. ಬಾಕ್ಸನ್ನು ಮಾತ್ರ ಅಣ್ಣ ಹಳೆಯ ಬನಿಯನ್ನಿನಿಂದ ತಾನೇ ಒರೆಸಿ, ಅದರ ನೆತ್ತಿಯ ಮೇಲೆ ಮೂರು ಗೆರೆ ವಿಭೂತಿ ಎಳೆದು, ನಡುವೆ ಕುಂಕುಮವಿಟ್ಟು, ಗೋಡೆಯ ಕಡೆ ಸರಿಸಿಬಿಡುತ್ತಿದ್ದ. ನಾನೇನಾದರೂ ಕೈ ಹಾಕಿದರೆ, "ಬುಡ್ಲಾ, ಅದುಕ್ಕೆ ನೀರಾಗಲ್ಲ ಕಣ್ಲಾ" ಎನ್ನುತ್ತಿದ್ದ. ಹೀಗೇ ಎನ್ನುತ್ತಿದ್ದನೇ? ಈ ಮಾತು ಬರೆಯುವಾಗ ನನಗೆ ಕೇಳಿಸುವ ದನಿ ಅವನದೇ ಹೌದೋ, ನಮ್ಮ ಬೀದಿಯ ಇನ್ಯಾರದೋ ದನಿಯನ್ನು ತಂದು ಅವನ ಬಾಯಿಗೆ ಕೂಡಿಸುತ್ತಿದ್ದೇನೋ ಗೊತ್ತಾಗುವುದಿಲ್ಲ. ನೀರು ಹಾಕಲು ಬಿಡುತ್ತಿರಲಿಲ್ಲ ಎನ್ನುವುದು ಮಾತ್ರ ಖಂಡಿತ.

ಬಾಕ್ಸು ಎಂದರೆ ಆಂಪ್ಲಿಫೈಯರ್. ಆ ದೊಡ್ಡ ಹೆಸರು ನಮ್ಮ ಮನೆಯಲ್ಲಿ ಬಳಕೆಗೆ ಬರಲೇ ಇಲ್ಲ. ಗಿಟಾರಿನ ಸದ್ದು ಹೆಚ್ಚಿಸುವ ಯಂತ್ರ, ಸ್ಪೀಕರು ಎರಡೂ ಒಂದೇ ಪ್ಲೈವುಡ್ ಪೆಟ್ಟಿಗೆಯೊಳಗೆ. ಮುಂದೆ ಜಾಲರಿ ಬಟ್ಟೆ, ಮೇಲೊಂದು ಹಿಡಿಕೆ, ಮೂಲೆಗಳಿಗೆ ಹೊಡೆದ ತಗಡಿನ ತುಂಡುಗಳು, ಮೈತುಂಬ ಕಪ್ಪು ರೆಕ್ಸಿನ್. ಅಣ್ಣ ತಮಿಳು ಸೀಮೆಯ ಗಡಿಯಲ್ಲಿರುವ ನಮ್ಮೂರ ಪಕ್ಕದ ಮೂಕಂಡಪಲ್ಲಿಯ ಒಂದು ಕಾರ್ಖಾನೆಯಲ್ಲಿ ಶಿಫ್ಟ್ ಕೆಲಸದಲ್ಲಿದ್ದ. ಶಿಫ್ಟ್ ಇಲ್ಲದ ಸಂಜೆಗಳಲ್ಲಿ ಮದುವೆ ಮಂಟಪಗಳಲ್ಲಿ ಆರ್ಕೆಸ್ಟ್ರಾದವರ ಜೊತೆ ಗಿಟಾರ್ ನುಡಿಸುತ್ತಿದ್ದ. ತಮಿಳು ಹಾಡು, ತೆಲುಗು ಹಾಡು, ಕನ್ನಡ ಹಾಡು, ಮದುವೆಯವರು ಯಾವುದು ಕೇಳಿದರೆ ಅದು. ಕೃಷ್ಣಗಿರಿಯ ಮಂಟಪಗಳಿಗೂ ಹೋಗಿ, ಅಂಚೆಟ್ಟಿ ದಾಟಿ ಕಾಡಿನ ನಡುವಿನ ನಾಟ್ರಾಂಪಾಳ್ಯಕ್ಕೂ ಜೀಪಿನ ಹಿಂದೆ ಕುಳಿತು ಹೋಗಿ ಬಂದ ಬಾಕ್ಸು ಅದು. ಆರ್ಕೆಸ್ಟ್ರಾ ನಿಂತ ಮೇಲೆ ಹಜಾರದಲ್ಲಿ ಅವನ ಮಂಚದ ಪಕ್ಕಕ್ಕೆ ಬಂದು ಕೂತಿತು. ಕೆಲಸದಿಂದ ನಿವೃತ್ತನಾದ ಮೇಲೂ ಭಾನುವಾರದ ಬೆಳಿಗ್ಗೆ ಅದರ ಸ್ವಿಚ್ಚು ಹಾಕುತ್ತಿದ್ದ. ಮಹಡಿಯ ಮೇಲಿನ ನನ್ನ ಕೋಣೆಯಲ್ಲಿ ಕಾಲೇಜಿನ ಉತ್ತರಪತ್ರಿಕೆ ತಿದ್ದುತ್ತಿದ್ದ ನನಗೆ, ಮೊದಲು ಒಂದು ಗುಂಯ್ ಸದ್ದು, ಆಮೇಲೆ ತಂತಿ ಶ್ರುತಿ ಮಾಡುವ ಸದ್ದು ಕೇಳಿಸುತ್ತಿತ್ತು.

ಕಳೆದ ಆಯುಧಪೂಜೆಗೆ ಸುಮಾರು ಒಂದು ವರ್ಷ ಮುಂಚೆ ಅವನಿಗೆ ಲಕ್ವ ಹೊಡೆಯಿತು. ಬಲಗೈ ಸತ್ತಂತಾಯಿತು, ಕಾಲು ಕೋಲಿನ ಆಸರೆಗೆ ಬಂದು ನಿಂತಿತು, ಮಾತು ಹೋಯಿತು. ಪೂರ್ತಿ ಹೋಗಲಿಲ್ಲ. ಉಳಿದದ್ದು ಒಂದೇ ಮಾತು, ಸರಿ. ಕಾಫಿ ಬೇಕಾದರೂ ಸರಿ, ಬೇಡವಾದರೂ ಸರಿ, ಸೊಳ್ಳೆ ಕಚ್ಚಿದರೂ ಸರಿ. ಅವನಿಗೆ ನಮ್ಮ ಮಾತು ಬಹುಮಟ್ಟಿಗೆ ಅರ್ಥವಾಗುತ್ತದೆ, ತನ್ನ ಮಾತು ಮಾತ್ರ ಸಿಗುವುದಿಲ್ಲ ಎಂದು ಡಾಕ್ಟರು ಹೇಳಿದರು. ಹೌದು, ಅಲ್ಲ ಎಂದು ತಲೆ ಆಡಿಸುವುದನ್ನೂ ನಂಬಬೇಡಿ, ಅದೂ ಅದಲುಬದಲಾಗುತ್ತದೆ ಎಂದರು. ಬಾಯಿಪಾಠವಾದದ್ದು ಕೆಲವರಿಗೆ ಉಳಿಯುತ್ತದಂತೆ. ಅಣ್ಣನಿಗೆ ಹಾಡು ಶುರು ಮಾಡುವ ಮುಂಚಿನ ಎಣಿಕೆ ಉಳಿದಿತ್ತು, ಒನ್, ಟೂ, ತ್ರೀ, ಫೋರ್. ಅದು ಯಾವಾಗ ಬರುತ್ತದೆ ಎಂದು ಅವನಿಗೂ ತಿಳಿಯದು. ಊಟದ ನಡುವೆ ಒಮ್ಮೆ ಬಂದಿತ್ತು.

ನನಗೆ ಹೋದದ್ದು ಇನ್ನೊಂದು ಸಣ್ಣ ಸಂಗತಿ. ಕಾಲೇಜಿನಲ್ಲಿ ನಾನು ಸಾರ್, ಬೀದಿಯಲ್ಲಿ ಮೇಷ್ಟ್ರು. ನನ್ನನ್ನು 'ಲಾ' ಎಂದು ಕರೆಯುತ್ತಿದ್ದವನು ಈ ಭೂಮಿಯ ಮೇಲೆ ಅವನೊಬ್ಬನೇ.

ಕಳೆದ ಆಯುಧಪೂಜೆಗೆ ಅವನನ್ನು ಜಗಲಿಯ ಕುರ್ಚಿಯಲ್ಲಿ ಕೂರಿಸಿದ್ದೆವು. ನಾನು ಕಾರಿನ ಚಕ್ರ ಉಜ್ಜುತ್ತಿದ್ದೆ. ಅತ್ತಿಗೆ ಸ್ಕೂಟರ್ ತೊಳೆದು ಮುಗಿಸಿ, ಒಳಗೆ ಹೋಗಿ, ಬಾಕ್ಸನ್ನು ಎಳೆದುಕೊಂಡು ಬಂದಳು. ವರ್ಷದಿಂದ ಯಾರೂ ಮುಟ್ಟದೆ ಅದರ ಮೇಲೆ ಧೂಳು ಕೂತಿತ್ತು. ಗಂಡನ ಆಯುಧ ಕೊಳಕಾಗಿ ಪೂಜೆಗೆ ಕೂರಬಾರದು ಎಂದು ಅವಳಿಗೆ ಅನ್ನಿಸಿರಬೇಕು. ಪೈಪು ಹಿಡಿದಳು.

ಅಣ್ಣ ಸರಿ ಎಂದ. ಅತ್ತಿಗೆ ಅವನ ಕಡೆ ತಿರುಗಿ ನಕ್ಕಳು. ಅವನು ಮತ್ತೆ ಸರಿ ಎಂದ, ಜೋರಾಗಿ. ಅವಳು ಸೋಪಿನ ಪುಡಿ ಹಾಕಿ ಬ್ರಷ್ಷಿನಿಂದ ಉಜ್ಜಿದಳು. ಸರಿ, ಸರಿ, ಸರಿ ಎನ್ನುತ್ತ ಅವನು ಎಡಗೈಯಿಂದ ಕುರ್ಚಿಯ ಕೈ ಬಡಿಯುತ್ತಿದ್ದ. ನಾನು ಚಕ್ರದಿಂದ ತಲೆಯೆತ್ತಿ ನೋಡಿದೆ. ಹಬ್ಬದ ದಿನ ಅಣ್ಣ ಹುರುಪಿನಲ್ಲಿದ್ದಾನೆ ಎಂದುಕೊಂಡೆ. ಅವನ ಮುಖದಲ್ಲಿ ಗಾಬರಿ ಇತ್ತು ಎಂದು ಈಗ ನೆನಪಾಗುತ್ತದೆ. ಆ ಗಾಬರಿಯನ್ನು ಅವತ್ತೇ ಕಂಡೆನೋ, ಆಮೇಲೆ ಆದದ್ದು ತಿಳಿದ ಮೇಲೆ ಆ ಮುಖಕ್ಕೆ ಅಂಟಿಸಿದೆನೋ, ಹೇಳಲಾರೆ. ಕಂಡಿದ್ದರೆ ಎದ್ದು ಹೋಗುತ್ತಿದ್ದೆನಲ್ಲ?

ಮೂರ್ನಾಲ್ಕು ದಿನಗಳಲ್ಲಿ ರೆಕ್ಸಿನ್ ಬೊಬ್ಬೆಯೆದ್ದಿತು. ಅಡಿಯ ಅಂಟು ಗಂಜಿಯಂತಾಗಿ ಅಂಚುಗಳಿಂದ ಜಿನುಗಿತು. ಪಕ್ಕದ ಹಲಗೆ ಉಬ್ಬಿ, ತಗಡಿನ ಮೂಲೆಗಳು ಮೊಳೆ ಸಮೇತ ಹೊರಬಂದವು. ನಾನು ತಿರುಪು ಬಿಚ್ಚಿ ಒಳಗಿನ ಯಂತ್ರವನ್ನು ಹೊರತೆಗೆದು ಕಿಟಕಿಯ ಬಳಿ ಒಣಗಲು ಇಟ್ಟೆ. ಅದಕ್ಕೆ ಕರೆಂಟು ಕೊಟ್ಟು ನೋಡುವ ಧೈರ್ಯ ನನಗೂ ಬರಲಿಲ್ಲ, ಅತ್ತಿಗೆಗೂ ಬರಲಿಲ್ಲ.

ಅತ್ತಿಗೆ ಎರಡು ದಿನ ಆ ಬಾಕ್ಸಿನ ಕಡೆ ನೋಡದೆ ಓಡಾಡಿದಳು. ಮೂರನೆಯ ದಿನ ಅಡುಗೆಮನೆಯ ಬಾಗಿಲಲ್ಲಿ ನಿಂತು, ಅಣ್ಣನಿಗೆ ಕೇಳಿಸದ ಹಾಗೆ ಹೇಳಿದಳು.

"ಅವ್ರು ಸರಿ ಅಂತಾನೇ ಇದ್ರು ಕಣಪ್ಪಾ. ನಾನು ಸಂತೋಸುಕ್ಕೆ ಅಂತಾರೆ ಅಂದ್ಕೊಂಡೆ. ಉಣ್ಣೋದು ನಾವ್ ಹೇಳ್ದಂಗೆ, ಮಲ್ಗೋದು ನಾವ್ ಹೇಳ್ದಂಗೆ, ಅಂಗಿ ನಾವ್ ಹಾಕಿದ್ದು. ಅವ್ರ್ ಮಾತು ನಡೀತಿದ್ದುದ್ದು ಅದೊಂದ್ರ ಮ್ಯಾಲೇನೆ. ಅದುನ್ನೂ ತೊಳುದ್ಬುಟ್ಟೆ."

ಅವಳು ಹೇಳಿದ್ದು ನಿಜವಾಗಿತ್ತು. ಅವನ ಸ್ನಾನದ ಹೊತ್ತು, ಔಷಧಿ, ಗಡ್ಡ ತೆಗೆಯುವ ದಿನ, ಟೀವಿಯಲ್ಲಿ ಯಾವ ಚಾನೆಲ್ ಎನ್ನುವುದನ್ನೂ ನಾವೇ ತೀರ್ಮಾನಿಸುತ್ತಿದ್ದೆವು. ಬೇಡ ಎನ್ನುವ ದಾರಿಯೇ ಇಲ್ಲದ ಮನುಷ್ಯನ ಮೇಲೆ ಪ್ರೀತಿ ತೋರಿಸುವುದು ಬಹಳ ಸುಲಭ. ಬಾಕ್ಸಿಗೆ ಹೊಸ ರೆಕ್ಸಿನ್ ಹಾಕಿಸೋಣ, ಹಾಕಿಸುವುದೇಕೆ ನಾನೇ ಹಾಕುತ್ತೇನೆ, ಈ ಸಲ ಮಾತ್ರ ಪ್ರತಿಯೊಂದನ್ನೂ ಅವನನ್ನು ಕೇಳಿಯೇ ಮಾಡೋಣ ಎಂದೆ. ಹೇಗೆ ಕೇಳುವುದು ಎಂದು ಅತ್ತಿಗೆ ಕೇಳಲಿಲ್ಲ. ನಾನೂ ಯೋಚಿಸಲಿಲ್ಲ.

ಮೊದಲ ತೊಡಕು ಬಣ್ಣದ್ದು. ಮೊಟ್ಟಮೊದಲಿಗೆ ಅದು ಹಸಿರಾಗಿತ್ತು, ಹಳೆಯ ಸ್ಕೂಟರಿನ ಸೀಟಿನ ಹಸಿರು, ಎಂದು ನನ್ನ ನೆನಪು. ಅತ್ತಿಗೆ ಒಪ್ಪಲಿಲ್ಲ. ತನ್ನ ಮದುವೆಯ ಆರತಕ್ಷತೆಯ ದಿನ ಗಂಡು ಕುರ್ಚಿಯಿಂದ ಇಳಿದು ಹೋಗಿ ಒಂದು ಹಾಡಿಗೆ ಗಿಟಾರ್ ನುಡಿಸಿ ಬಂದದ್ದನ್ನು, ಅಷ್ಟು ಹೊತ್ತು ತಾನೊಬ್ಬಳೇ ಸೆಂಟಿನ ವಾಸನೆಯ ನಡುವೆ ಕೂತಿದ್ದನ್ನು ಅವಳು ಮರೆತಿಲ್ಲ. ಆಗ ತಾನು ನೋಡುತ್ತಿದ್ದದ್ದು ಆ ಬಾಕ್ಸನ್ನೇ, ಅದು ಕಪ್ಪಗಿತ್ತು ಎಂದಳು. ಎದ್ದು ಹೋದ ಗಂಡನನ್ನು ಬಿಟ್ಟು ಬಾಕ್ಸನ್ನೇಕೆ ನೋಡುತ್ತಿದ್ದೆ ಎಂದು ಕೇಳಿದೆ. "ಸವತೀನ ನೋಡ್ದೆ ಇರಕ್ಕಾಯ್ತದಾ?" ಎಂದಳು. ಲಕ್ವ ಹೊಡೆದ ಮೇಲೆ ನಮ್ಮ ಮನೆಯಲ್ಲಿ ನಾವಿಬ್ಬರೂ ಒಟ್ಟಿಗೆ ನಕ್ಕದ್ದು ಅದೇ ಮೊದಲಿರಬೇಕು. ಅಣ್ಣನೂ ಅರ್ಧ ಮುಖದಲ್ಲಿ ನಕ್ಕ. ಅವನನ್ನೇ ಕೇಳಿದೆವು, ಕಪ್ಪೋ ಹಸಿರೋ ಎಂದು. ಸರಿ ಎಂದ.

ಅವನೇ ಆರಿಸಲಿ ಎಂದು ಕಾರಿನಲ್ಲಿ ಕೂರಿಸಿಕೊಂಡು ಜೂಜುವಾಡಿಗೆ ಹೋದೆ. ಅಲ್ಲಿ, ಎರಡು ರಾಜ್ಯಗಳ ಗಡಿಯ ಹತ್ತಿರ ಲಾರಿಗಳು ನಿಲ್ಲುವ ಕಡೆ, ಸೀಟು ಹೊಲಿಯುವ ಅಂಗಡಿಯೊಂದಿದೆ. ಅಂಗಡಿಯವನು ಟೇಪು ಕೊರಳಿಗೆ ಹಾಕಿಕೊಂಡು ಕಾರಿನ ಬಳಿಗೇ ಬಂದ. "ಯಾವ್ ವಂಡಿಗೆ ಸಾರ್?" ಎಂದ. ಗಾಡಿಗಲ್ಲ, ಒಂದು ಮರದ ಪೆಟ್ಟಿಗೆಗೆ ಎಂದೆ. ಅವನು ನನ್ನ ಕಾರಿನ ಸೀಟುಗಳನ್ನು ಒಮ್ಮೆ ಕನಿಕರದಿಂದ ನೋಡಿ, ಇದನ್ನು ಬಿಟ್ಟು ಪೆಟ್ಟಿಗೆಗಾ ಎಂದು ತಮಿಳಿನಲ್ಲಿ ಗೊಣಗಿ, ಒಳಗಿನಿಂದ ರೆಕ್ಸಿನ್ ತುಂಡುಗಳನ್ನು ತಂದು ಅಣ್ಣನ ತೊಡೆಯ ಮೇಲೆ ಹರಡಿದ. ಕಪ್ಪು, ಕಾಫಿ ಬಣ್ಣ, ಕಡುಗೆಂಪು, ಒಂದು ಹಸಿರು.

"ಪೆರಿಯವರೇ, ಯಾವ್ದು ಕೊಡ್ಲಿ?" ಎಂದು ಹಿರಿಯರಿಗೆ ಕೊಡುವ ಮರ್ಯಾದೆಯಿಂದಲೇ ಕೇಳಿದ.

"ಸರಿ" ಎಂದ ಅಣ್ಣ.

"ಇದಾ?"

"ಸರಿ."

"ಇದಾ?"

"ಸರಿ."

ಅಂಗಡಿಯವನು ನನ್ನ ಕಡೆ ತಿರುಗಿ, "ನಮ್ಗೆ ಬರೋರೆಲ್ಲ ಇಂಗೇ ಇದ್ರೆ ಎಷ್ಟ್ ಚೆಂದ ಸಾರ್" ಎಂದ. ಕೆಟ್ಟ ಮನಸ್ಸಿನಿಂದ ಅಂದದ್ದಲ್ಲ. ನಾನು ವಿವರಿಸಿದ ಮೇಲೆ ಅವನು ಅಣ್ಣನ ಭುಜ ಮುಟ್ಟಿ ಒಳಗೆ ಹೋದ.

ಅಣ್ಣನ ಎಡಗೈ ತುಂಡುಗಳ ಮೇಲೆ ಓಡಾಡಿ ಕಡುಗೆಂಪಿನ ಮೇಲೆ ನಿಂತಿತು. ನನಗೆ ಸಂತೋಷವಾಯಿತು. ಮರುಗಳಿಗೆಯೇ ಅನುಮಾನ ಬಂತು, ಅವನ ಎಡಗೈಗೆ ಹತ್ತಿರವಿದ್ದದ್ದು ಅದೇ ತುಂಡು. ತುಂಡುಗಳ ಜಾಗ ಬದಲಿಸಿ ಕಪ್ಪನ್ನು ಎಡಕ್ಕಿಟ್ಟೆ. ಕೈ ಕಪ್ಪಿನ ಮೇಲೆ ನಿಂತಿತು. ಹಸಿರನ್ನು ಇಟ್ಟೆ. ಹಸಿರಿನ ಮೇಲೆ ನಿಂತಿತು. ಇನ್ನೊಮ್ಮೆ ಬದಲಿಸಲು ಹೋದಾಗ ಅವನು ನನ್ನನ್ನೇ ನೋಡುತ್ತಿದ್ದ. ನಾನು ಅವನನ್ನು ಪರೀಕ್ಷಿಸುತ್ತಿದ್ದೇನೆ ಎಂದು ಅವನಿಗೆ ತಿಳಿದಿತ್ತು. ಅಥವಾ ಕಾರಿನೊಳಗೆ ಸೆಕೆಯಾಗಿತ್ತು, ಮನೆಗೆ ಹೋಗೋಣ ಎಂಬ ನೋಟವಾಗಿತ್ತು. ಕಪ್ಪು ರೆಕ್ಸಿನ್ ಕಟ್ಟಿಸಿಕೊಂಡೆ, ಇದ್ದದ್ದು ಕಪ್ಪು ಎಂಬ ಒಂದೇ ಕಾರಣಕ್ಕೆ. ಲಾರಿ ಡ್ರೈವರು ಕೂತು ಎದ್ದರೂ ಹರಿಯದ ಮಾಲು ಎಂದು ಅಂಗಡಿಯವನು ಭರವಸೆ ಕೊಟ್ಟ.

ಬಾಕ್ಸನ್ನು ಹಜಾರದ ನಡುವೆ ಹಳೆಯ ಪೇಪರಿನ ಮೇಲಿಟ್ಟು, ಅಣ್ಣನ ಕುರ್ಚಿ ಎದುರಿಗೆ ಹಾಕಿ, ಹಳೆಯದನ್ನು ಸುಲಿದೆ. ಒದ್ದೆಯಾಗಿದ್ದ ಕಡೆ ತಾನಾಗಿ ಬಂತು. ನೆತ್ತಿಯ ಭಾಗ ಮಾತ್ರ ಬರಲು ಒಪ್ಪಲಿಲ್ಲ. ವರ್ಷ ವರ್ಷವೂ ಕುಂಕುಮವಿಟ್ಟ ಜಾಗದಲ್ಲಿ ರೆಕ್ಸಿನ್ ತುಸು ಕೆಂಪು ಹೊಡೆದಿತ್ತು. ಅತ್ತಿಗೆಯ ಬ್ರಷ್ಷಿಗೂ ಅದು ಹೋಗಿರಲಿಲ್ಲ. ಹಿಂಬದಿಯ ಅಂಚಿನಲ್ಲಿ, ಮೊಳೆಯ ಸಾಲಿನ ಕೆಳಗೆ, ಅದಕ್ಕೂ ಹಳೆಯ ಇನ್ನೊಂದು ರೆಕ್ಸಿನ್ನಿನ ಬೆರಳಗಲದ ಪಟ್ಟಿ ಉಳಿದಿತ್ತು. ಅದು ಹಸಿರಲ್ಲ, ಕಪ್ಪೂ ಅಲ್ಲ. ಬೂದು ಬಣ್ಣ. ಹಸಿರು ಸೀಟಿನ ಸ್ಕೂಟರು ಯಾರದಾಗಿತ್ತೋ, ಅತ್ತಿಗೆ ಆರತಕ್ಷತೆಯಲ್ಲಿ ನೋಡಿದ್ದು ಏನನ್ನೋ. ಪಟ್ಟಿಯನ್ನು ಅಣ್ಣನ ಅಂಗೈಯಲ್ಲಿಟ್ಟೆ. ಅವನು ಬಹಳ ಹೊತ್ತು ಬೆರಳಲ್ಲಿ ತಿರುಗಿಸಿದ. ಆ ಹಳೆಯ ಬಾಕ್ಸಿನ ಪೂರ್ತಿ ಕತೆ ಗೊತ್ತಿದ್ದವನು ಕೋಣೆಯಲ್ಲಿ ಅವನೊಬ್ಬನೇ, ನನ್ನಿಂದ ಎರಡು ಮೊಳ ದೂರದಲ್ಲಿ ಕೂತಿದ್ದ.

ಅಂಟು ಕೆರೆದು, ಉಬ್ಬಿದ ಹಲಗೆಯನ್ನು ಮರಳುಕಾಗದದಿಂದ ಉಜ್ಜಿ ಸಮ ಮಾಡಿದೆ. ರೆಕ್ಸಿನ್ ಕತ್ತರಿಸುವ ಹೊತ್ತಿಗೆ ಒಂದು ತಪ್ಪು ಮಾಡಿದೆ. ನಮ್ಮದು ಪಾಠ ಹೇಳುವವರ ಮನೆ. ಪ್ರತಿ ಜೂನಿನಲ್ಲಿ ಅಪ್ಪ ನಮ್ಮಿಬ್ಬರನ್ನೂ ಕೂರಿಸಿಕೊಂಡು ಪಠ್ಯಪುಸ್ತಕಗಳಿಗೆಲ್ಲ ಕಂದು ಕಾಗದದ ರಟ್ಟು ಹಾಕಿಸುತ್ತಿದ್ದರು. ಮೂಲೆಯನ್ನು ತ್ರಿಕೋನ ಮಡಿಸಿ ಒಳಕ್ಕೆ ಸೇರಿಸಬೇಕು, ಕತ್ತರಿ ತಾಗಿಸಬಾರದು, ಕತ್ತರಿಸಿದ ಮೂಲೆ ಬೇಗ ಹರಿಯುತ್ತದೆ. ಆ ಕೈಪಾಠವೇ ಬಂತು. ಲಾರಿ ಸೀಟಿನ ರೆಕ್ಸಿನ್ನನ್ನು ನಾನು ಏಳನೆಯ ತರಗತಿಯ ಸಮಾಜಪುಸ್ತಕದಂತೆ ಮಡಿಸಿದೆ. ಅಣ್ಣ ಮುಂದಕ್ಕೆ ಬಾಗಿ ಸರಿ, ಸರಿ ಎನ್ನತೊಡಗಿದ. ನಾನು ನಿಲ್ಲಿಸಿದೆ. ಕತ್ತರಿಸಬೇಕಾ ಎಂದು ಕೇಳಿದೆ. ಸರಿ. ಹೀಗೇ ಇರಬೇಕಾ? ಸರಿ. ಕತ್ತರಿಯನ್ನು ಅವನ ಎಡಗೈಗೆ ಕೊಟ್ಟೆ. ಅದು ಬಲಗೈಯ ಕತ್ತರಿ. ಅವನ ಬೆರಳು ಅದರಲ್ಲಿ ಸಿಕ್ಕಿಕೊಂಡಿತು, ಬಿಡಿಸಲು ನಾನೇ ಹೋಗಬೇಕಾಯಿತು. ಅತ್ತಿಗೆ ಬಂದು ಅವನಿಗೆ ಬಾಯಾರಿಕೆಯಿರಬೇಕೆಂದು ನೀರು ಕೊಟ್ಟಳು, ಫ್ಯಾನು ಹೆಚ್ಚಿಸಿದಳು, ಬಚ್ಚಲಿಗೆ ಕರೆದುಕೊಂಡು ಹೋಗಿ ಬಂದಳು. ಎಲ್ಲಕ್ಕೂ ಅವನು ಒಪ್ಪಿಕೊಂಡ, ಬಂದು ಕೂತು ಮತ್ತೆ ಬಾಗಿ ಸರಿ ಎಂದ. ಕೊನೆಗೆ ತಾನೇ ಹಿಂದಕ್ಕೆ ಒರಗಿ ಕಣ್ಣು ಮುಚ್ಚಿದ. ಆ ಒರಗುವಿಕೆ ನನಗೆ ಸರಿ ಸರಿ ಎನ್ನುವ ಆ ಒದ್ದಾಟಕ್ಕಿಂತ ಕಷ್ಟವಾಯಿತು.

ಚಪ್ಪಲಿ ಹೊಲಿಯುವವರು ಬಳಸುವ ಅಂಟು ತಂದಿದ್ದೆ. ಅದನ್ನು ಮರಕ್ಕೂ ರೆಕ್ಸಿನ್ನಿಗೂ ಹಚ್ಚಿ, ಬೆರಳಿಗೆ ಅಂಟದಷ್ಟು ಆರಲು ಬಿಟ್ಟು, ಆಮೇಲೆ ಒಮ್ಮೆಗೇ ಕೂರಿಸಬೇಕು. ಕೂತ ಮೇಲೆ ಸರಿಸಲಾಗದು. ನೆತ್ತಿಯ ಭಾಗ ಹಿಡಿದು ನಿಂತೆ. ಎರಡೂ ಕೈಯಲ್ಲಿ ರೆಕ್ಸಿನ್ ತೂಗುತ್ತಿದೆ, ಅಳತೆಗೆ ಎಳೆದುಕೊಂಡ ಗೆರೆ ಹೊಂದಿದೆಯೋ ಇಲ್ಲವೋ ತಿಳಿಯದು, ಇಳಿಸಲು ಧೈರ್ಯವಿಲ್ಲ, ಕೈ ಸೋಲುತ್ತಿದೆ. ಆಗ ಅಣ್ಣ ಕಣ್ಣು ತೆರೆದು, ಹಿಂದಿನ ದನಿಯಲ್ಲಿ, ಎಡಗೈ ಬೆರಳು ಕುರ್ಚಿಗೆ ತಟ್ಟುತ್ತ ಎಣಿಸಿದ. "ಒನ್, ಟೂ, ತ್ರೀ, ಫೋರ್." ನಾಲ್ಕಕ್ಕೆ ನಾನು ಇಳಿಸಿದೆ. ಗೆರೆಗೆ ಗೆರೆ ಕೂತಿತು.

ಆ ಸಂಜೆ ದಿನಚರಿಯಲ್ಲಿ, ಅಣ್ಣ ಖುಷಿಯಾಗಿದ್ದಾನೆ, ಕೆಲಸ ನಾವಿಬ್ಬರೂ ಸೇರಿ ಮಾಡಿದೆವು ಎಂದು ಬರೆದಿದ್ದೇನೆ. ಬರೆದಾಗ ನನಗೆ ಅನುಮಾನವಿರಲಿಲ್ಲ. ಊಟದ ನಡುವೆ ಅದೇ ಎಣಿಕೆ ಸುಮ್ಮಸುಮ್ಮನೆ ಬಂದಿದ್ದನ್ನು ಅವತ್ತು ನಾನು ನೆನೆಸಿಕೊಳ್ಳಲಿಲ್ಲ.

ಮೂಲೆಗಳು ಕೂಡಲಿಲ್ಲ. ನನ್ನ ಪಠ್ಯಪುಸ್ತಕದ ಮಡಿಕೆ ದಪ್ಪವಾಗಿ, ತಗಡಿನ ತುಂಡುಗಳು ಅದರ ಮೇಲೆ ಕೂರದೆ ಎದ್ದು ನಿಂತವು. ಬಡಿದರೂ ಕೂರಲಿಲ್ಲ. ಅವುಗಳನ್ನು ಒಂದು ಡಬ್ಬಿಗೆ ಹಾಕಿಟ್ಟು, ಮೂಲೆ ಹಾಗೇ ಬಿಟ್ಟೆ. ದೂರದಿಂದ ನೋಡಿದರೆ ಹೊಸ ಬಾಕ್ಸಿನಂತೆಯೇ ಇತ್ತು. ಅತ್ತಿಗೆ ಅದರ ನೆತ್ತಿಗೆ ಮೂರು ಗೆರೆ ವಿಭೂತಿ ಎಳೆದಳು, ಹೊಸ ರೆಕ್ಸಿನ್ನಿನ ಮೇಲೆ ಅದು ನಿಲ್ಲದೆ ಉದುರಿತು. ಯಂತ್ರ ಕಿಟಕಿಯ ಬಳಿಯೇ ಉಳಿಯಿತು, ಬಾಕ್ಸನ್ನು ಮಾತ್ರ ಅವನ ಮಂಚದ ಪಕ್ಕಕ್ಕೆ ಮೊದಲಿನ ಜಾಗಕ್ಕೇ ಇಟ್ಟೆವು.

ಕೆಲವು ದಿನಗಳಾದ ಮೇಲೆ ಒಂದು ಬೆಳಿಗ್ಗೆ ಮಹಡಿಯಿಂದ ಇಳಿದು ಬಂದಾಗ ಅಣ್ಣ ಮಂಚದ ಅಂಚಿಗೆ ಸರಿದು ಕೂತು ಬಾಕ್ಸಿನ ಮೇಲೆ ಬಗ್ಗಿದ್ದ. ಕೂಡದ ಒಂದು ಮೂಲೆಯ ಮಡಿಕೆಗೆ ಎಡಗೈ ಹೆಬ್ಬೆರಳ ಉಗುರು ತೂರಿಸಿ ಎಳೆಯುತ್ತಿದ್ದ. ಬೆರಳಗಲ ಬಂದಿತ್ತು. ಅವನು ಎಳೆದಂತೆಲ್ಲ ಬಾಕ್ಸೂ ನೆಲದ ಮೇಲೆ ಜಾರಿ ಅವನ ಕಡೆಗೇ ಬರುತ್ತಿತ್ತು. ಬಲಗೈ ಆಡುತ್ತಿದ್ದರೆ ಅದನ್ನು ಒತ್ತಿ ಹಿಡಿಯುತ್ತಿತ್ತು. ಅವನು ನಿಲ್ಲಿಸಿ, ಉಸಿರು ತೆಗೆದುಕೊಂಡು, ಮೊಣಕಾಲಿನಿಂದ ಅದನ್ನು ಹಿಂದಕ್ಕೆ ತಳ್ಳಿ, ಮತ್ತೆ ಎಳೆಯುತ್ತಿದ್ದ.

ಕಾಫಿ ತಂದ ಅತ್ತಿಗೆ ಲೋಟ ಕೆಳಗಿಟ್ಟು ಅವನ ಕೈ ಹಿಡಿಯಲು ಹೋದಳು. ಇರು ಎಂದೆ. ನಾನು ಅವನ ಮುಂದೆ ಕೂತು ಕೇಳಿದೆ.

"ಅಣ್ಣ, ಇದು ಬೇಡ್ವಾ?"

"ಸರಿ" ಎಂದ. ಕೈ ನಿಲ್ಲಲಿಲ್ಲ.

"ಇರ್ಬೇಕಾ ಹಂಗಾದ್ರೆ?"

"ಸರಿ." ಕೈ ನಿಲ್ಲಲಿಲ್ಲ.

ಅತ್ತಿಗೆ ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ಅವನ ಮಂಚದ ಮೇಲೆಯೇ ಕೂತಳು.

"ಬಾಯ್ನ ಕೇಳ್ಬ್ಯಾಡಪ್ಪಾ, ಕೈ ನೋಡು" ಎಂದಳು. "ಅವ್ರ್ ಬಾಕ್ಸು. ಕಿತ್ಕಳ್ಳಿ ಬುಡು."

ಅವನ ಕೈ ಬೇಡ ಎನ್ನುತ್ತಿತ್ತು ಎಂದು ನಾನು ಇಲ್ಲಿ ಬರೆಯಬಲ್ಲೆ, ಬರೆಯಬೇಕೆಂದು ಆಸೆಯೂ ಇದೆ. ಅವನಿಗೊಂದು ಬೇಡ ಉಳಿದಿದೆ ಎಂದು ನಂಬುವುದು ನನಗೆ ಬೇಕಾಗಿದೆ. ಆದರೆ ಎದ್ದ ಅಂಚು ಸಿಕ್ಕಿದರೆ ಎಂಥವರ ಬೆರಳೂ ಸುಮ್ಮನಿರುವುದಿಲ್ಲ, ಮಗುವಿನದಾದರೂ. ಬಣ್ಣ ತಪ್ಪಾಗಿತ್ತೋ, ಮೂಲೆ ತಪ್ಪಾಗಿತ್ತೋ, ಬೆಳಗಿನ ಹೊತ್ತು ಹೋಗದೆ ಹಾಗೆ ಮಾಡುತ್ತಿದ್ದನೋ. ಅವನ ಕಣ್ಣು ನೋಡಿದೆ. ಅದರಲ್ಲಿ ಕೆಲಸ ಮಾಡುವವನ ಗಮನವಿತ್ತು, ಅಷ್ಟನ್ನು ಮಾತ್ರ ಕಂಡೆ ಎಂದು ಹೇಳಬಲ್ಲೆ.

ಬಾಕ್ಸು ಮತ್ತೆ ಜಾರಿತು. ನಾನು ಅದರ ಹಿಂದೆ ಹೋಗಿ ನೆಲದ ಮೇಲೆ ಕೂತು, ಎರಡೂ ಕೈಯಿಂದ ಅದನ್ನು ಬಿಗಿಯಾಗಿ ಹಿಡಿದುಕೊಂಡೆ. ಅವನು ಎಳೆದ. ಲಾರಿ ಡ್ರೈವರು ಕೂತರೂ ಹರಿಯದ ಮಾಲು ಹರಿಯದೆ, ಅಂಟಿನ ಸಮೇತ, ನಿಧಾನವಾಗಿ, ಚರ್‍ರೆನ್ನುತ್ತ ಮರದಿಂದ ಬಿಟ್ಟುಕೊಂಡು ಬರತೊಡಗಿತು.